ಹಾಡುವ ಹುಡುಗರಿಗೆ ನಾವು ಕೊಡದ ಭವನ

ನಮ್ಮ ತಮ್ಮನ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ವಾರದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕೂರುವ ಆ ಹುಡುಗ ಉಳಿದೆರಡು ದಿನ ಗಿಟಾರು ಹೊತ್ತು ತಿರುಗುತ್ತಾನೆಂಬ ಸಂಗತಿ ಹೊಳೆನರಸೀಪುರದ ನಮ್ಮ ಮನೆಗೆ ತಡವಾಗಿ ತಿಳಿಯಿತು. ಎರಡು ವರ್ಷದ ಹಿಂದೆ ಯುಗಾದಿಗೆಂದು ಬಂದವನು ಬೇವುಬೆಲ್ಲ ತಿಂದು, ಕಾಲಿಗೆರಗಿ, ಮೆಲ್ಲನೆ ಕೇಳಿದ: "ದೊಡ್ಡಪ್ಪ, ನಮ್ಮ ಸಮಾಜದ ಭವನವನ್ನು ಒಂದು ಸಂಜೆಗೆ ಕೊಡಿಸುವಿರಾ? ವಚನ, ಶರೀಫಜ್ಜರ ತತ್ವಪದ, ನಾವೇ ಕಟ್ಟಿದ ನಾಲ್ಕಾರು ಹಾಡು. ಬಾಡಿಗೆ ಕೊಡುತ್ತೇವೆ, ಪುಕ್ಕಟೆ ಬೇಡ."

ಆಗ ಭವನದ ಸಮಿತಿಗೆ ನಾವೇ ಕಾರ್ಯದರ್ಶಿಗಳು. ಕೋರಿಕೆಯ ವಿಚಾರ ಐದು ನಿಮಿಷದಲ್ಲಿ ಮುಗಿಯಿತು. ಡ್ರಮ್ಮು, ವಿದ್ಯುತ್ ಗಿಟಾರು ಎಂಬ ಎರಡು ಪದ ಕೇಳುತ್ತಲೇ ಹಿರಿಯರೊಬ್ಬರು "ಡಿಸ್ಕೋ" ಎಂದರು, ಉಳಿದವರು ತಲೆದೂಗಿದರು. "ಸಮಾಜದ ಘನತೆಗೆ ತಕ್ಕುದಲ್ಲವಾದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ" ಎಂದು ನಡವಳಿ ಪುಸ್ತಕದಲ್ಲಿ ಬರೆದ ಅಕ್ಷರ ನಮ್ಮದೇ. ಅದೇ ಭವನದಲ್ಲಿ ಅದೇ ತಿಂಗಳು ನಡೆದ ಆರತಕ್ಷತೆಯೊಂದಕ್ಕೆ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಬಂದಿತ್ತು. ಅದರ ಸದ್ದಿಗೆ ಊಟದ ಮನೆಯ ತಟ್ಟೆಗಳೂ ನಡುಗುತ್ತಿದ್ದವು. ಅಂದು ನಾವಾರೂ ಘನತೆಯ ಮಾತನ್ನೆತ್ತಲಿಲ್ಲ.

ಮರುವರ್ಷ ಅರಕಲಗೂಡಿನಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೊಬ್ಬರು ನಮ್ಮ ತಮ್ಮನನ್ನು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು: "ನಿಮ್ಮ ಮಗ ಬೆಂಗಳೂರಿನಲ್ಲಿ ಬಾರಿನಲ್ಲಿ ಹಾಡುತ್ತಾನಂತೆ, ಹೌದೇ?" ತಮ್ಮ ಅರ್ಧ ಊಟಕ್ಕೆ ಎದ್ದ. ಆ ಮೇಲೆ ಅಪ್ಪ-ಮಗನಿಗೆ ಎಂಟು ತಿಂಗಳು ಮಾತಿಲ್ಲ. ನಾವೂ ಹುಡುಗನನ್ನೇ ದೂರಿದೆವು. ಆಗ ನಮ್ಮ ಮನೆಯವರು ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಮನೆಗೆ ಕರೆದು ಮಣೆ ಹಾಕದವರು, ಹೋಟೆಲಿನಲ್ಲಿ ಉಂಡನೆಂದು ಬೈಯುವುದು ಯಾವ ನ್ಯಾಯ?"

ಈ ಹುಡುಗರದು 'ಸ್ವತಂತ್ರ ಸಂಗೀತ'ವಂತೆ, ಅವರ ಬಾಯಲ್ಲಿ 'ಇಂಡಿ'. ಸಿನಿಮಾ ನಿರ್ಮಾಪಕರ ಹಣವಿಲ್ಲದೆ, ಕ್ಯಾಸೆಟ್ ಕಂಪನಿಯ ಹಂಗಿಲ್ಲದೆ, ತಾವೇ ಹಾಡು ಕಟ್ಟಿ, ತಾವೇ ಮುದ್ರಿಸಿ, ಕೇಳುಗರೆದುರು ನಿಂತು ಹಾಡಿ ಬದುಕುವುದು. ಹಾಡನ್ನು ಮೊಬೈಲಿನಲ್ಲಿ ಕೇಳಿದರೆ ಅವರಿಗೆ ದಕ್ಕುವುದು ಚಿಲ್ಲರೆ ಕಾಸು. ಎದುರಿನ ಕಾರ್ಯಕ್ರಮವೇ ಜೀವನಾಧಾರ. ಧ್ವನಿವರ್ಧಕದ ಬಾಡಿಗೆ, ಅದನ್ನು ಸಂಭಾಳಿಸುವವನ ಕೂಲಿ, ವಾದ್ಯಗಳನ್ನು ಸಾಗಿಸುವ ಗಾಡಿ, ಐವರ ಊಟ, ಇವೆಲ್ಲ ಟಿಕೇಟಿನ ಹಣದಲ್ಲೇ ಹುಟ್ಟಬೇಕು. ಬೆಂಗಳೂರಿನಲ್ಲಿ ದೊಡ್ಡ ಸಭಾಂಗಣದ ಬಾಡಿಗೆ ಅವರ ಕೈಗೆ ಎಟುಕದು. ಬಾರಿನವರಾದರೆ ಜಾಗವನ್ನೂ ಧ್ವನಿ ವ್ಯವಸ್ಥೆಯನ್ನೂ ಕೊಟ್ಟು, ತಿಂಡಿ-ಪಾನೀಯದ ವ್ಯಾಪಾರದಲ್ಲಿ ತಮ್ಮ ಲಾಭ ನೋಡಿಕೊಳ್ಳುತ್ತಾರೆ. ಹುಡುಗರು ಅಲ್ಲಿಗೆ ಹೋದದ್ದು ಕುಡಿತದ ಮೋಹದಿಂದಲ್ಲ. ಅದೂ ಗಟ್ಟಿ ನೆಲೆಯಲ್ಲ. ಪರವಾನಗಿಯಿಲ್ಲದೆ ಇಂಥ ಕಡೆ ಸಂಗೀತ ನಡೆಸಕೂಡದೆಂದು 2018ರಲ್ಲಿ ಬೆಂಗಳೂರಿನ ಪೊಲೀಸರು ಬಿಗಿ ಮಾಡಿದಾಗ ಎಷ್ಟೋ ವೇದಿಕೆಗಳು ಮೌನವಾದವು. ಹೊಸ ತಂಡಗಳಿಗೆ 2013ರಿಂದ ಆಸರೆಯಾಗಿದ್ದ ಇಂದಿರಾನಗರದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು.

ಮನೆಯವರ ಒತ್ತಾಯಕ್ಕೆ ಮಣಿದು, ಕಳೆದ ಮಾಘದಲ್ಲಿ ನಾವಿಬ್ಬರೂ ಹುಡುಗನ ಕಾರ್ಯಕ್ರಮಕ್ಕೆ ಹೊರಟೆವು. ಬಸ್ಸಿನಲ್ಲಿ ಚನ್ನರಾಯಪಟ್ಟಣ, ಅಲ್ಲಿಂದ 2017ರಲ್ಲಿ ತೆರೆದ ಹೊಸ ಮಾರ್ಗದ ರೈಲು. ಈ ಸಲ ಹಾಡುವುದು ಒಂದು ಪುಟ್ಟ ನಾಟಕಶಾಲೆಯಲ್ಲೆಂದು ತಿಳಿದು ನಮಗೆ ನೆಮ್ಮದಿಯಾಗಿತ್ತು. ಸಂಜೆ ಏಳಕ್ಕೆ ಕಾರ್ಯಕ್ರಮವಾದರೆ ಹುಡುಗರು ಮಧ್ಯಾಹ್ನ ಮೂರಕ್ಕೇ ತಂತಿ ಬಿಗಿಯುತ್ತ, ಒಂದೊಂದೇ ವಾದ್ಯದ ಸದ್ದನ್ನು ಹೊಂದಿಸುತ್ತ ಬೆವರುತ್ತಿದ್ದರು. ಇದಕ್ಕೆ 'ಸೌಂಡ್ ಚೆಕ್' ಎನ್ನುತ್ತಾರಂತೆ. ಅಷ್ಟು ಶ್ರದ್ಧೆಯಿಂದ ನಾವು ನಮ್ಮ ಭವನದ ಮೈಕನ್ನು ಎಂದೂ ಪರೀಕ್ಷಿಸಿದ್ದಿಲ್ಲ.

ಮೊದಲೆರಡು ಹಾಡುಗಳಲ್ಲಿ ಡ್ರಮ್ಮು ಮಾತನ್ನೆಲ್ಲ ನುಂಗಿಹಾಕಿತು. ಎದ್ದು ಹೋಗೋಣವೆನಿಸಿದ್ದು ಸುಳ್ಳಲ್ಲ. ಮೂರನೆಯದು ಅಕ್ಕನ ವಚನ. ನಮ್ಮ ತಾಯಿಯವರು ಬೆಳಗಿನ ಲಿಂಗಪೂಜೆ ಮುಗಿಸಿ, ಒಲೆಗೆ ಬೆಂಕಿ ಹಾಕುತ್ತ ಗುನುಗುತ್ತಿದ್ದ ವಚನವದು. ಹುಡುಗ ಗಿಟಾರನ್ನು ಮೆಲ್ಲಗೆ ಮೀಟಿ ಆರಂಭಿಸಿದ. ಕೊನೆಗೆ ಅಂಕಿತ ಬರುವಾಗ ಐವರೂ ವಾದ್ಯಗಳನ್ನು ನಿಲ್ಲಿಸಿ ಬರಿಯ ಕೊರಳಲ್ಲಿ ಹಾಡಿದರು. ಸಭೆಯಲ್ಲಿ ಬಹುಪಾಲು ಇಪ್ಪತ್ತು-ಇಪ್ಪತ್ತೈದರ ಮಕ್ಕಳು. ಒಂದು ಕೆಮ್ಮೂ ಕೇಳಲಿಲ್ಲ. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ನಾವು ಹುಡುಗನಿಗೆ ಹೇಳಿದ್ದು ಎರಡೇ ಮಾತು: ಡ್ರಮ್ಮು ತಗ್ಗಬೇಕು, 'ಳ'ಕಾರ 'ಲ'ಕಾರವಾಗಬಾರದು. "ತಿದ್ದಿಕೊಳ್ಳುತ್ತೇವೆ ದೊಡ್ಡಪ್ಪ" ಎಂದ. ಭವನದ ಪ್ರಸ್ತಾಪವನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮರಳುವ ರೈಲು ಚನ್ನರಾಯಪಟ್ಟಣದಲ್ಲಿ ನಿಂತಾಗ ಸಿ. ಅಶ್ವತ್ಥ್ ನೆನಪಾದರು. ಅವರು 1939ರಲ್ಲಿ ಹುಟ್ಟಿದ್ದು ಆ ಊರಿನಲ್ಲೇ. ಶಿಶುನಾಳದ ಶರೀಫರು (1819-1889) ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಅಶ್ವತ್ಥರು ಮುಖ್ಯರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತವೂ ಅವರದೇ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ'ಕ್ಕೆ ಜನಸಾಗರವೇ ಸೇರಿತ್ತು. ಅವರ ವಾದ್ಯವೃಂದವೂ ಬರಿಯ ಏಕತಾರಿಯದಾಗಿರಲಿಲ್ಲವಷ್ಟೆ. ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತರು ಅವೇ ಪದಗಳನ್ನು ಗಿಟಾರಿನೊಡನೆ ಹಾಡಿದರು. ಅವರ 'ಅಂತರಾಗ್ನಿ' 2008ರಲ್ಲಿ ಹೊರಬಂತು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಅವರ ತಂಡ ಹೋಯಿತು. ಇನ್ನು ನಮ್ಮ ಭಜನೆಗಳ ಹಾರ್ಮೋನಿಯಂ ಯುರೋಪಿನಿಂದ ಬಂದ ಪೆಟ್ಟಿಗೆ. ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂದು ಅವರು ಬರೆದುಕೊಂಡ ನಡವಳಿಯೂ ಬಹುಶಃ ನಮ್ಮದರಂತೆಯೇ ಇದ್ದೀತು!

ನಮ್ಮ ಜಿಲ್ಲೆಗೆ ಸಂಗೀತದ ಅಭಿಮಾನ ಕಡಿಮೆಯೆನ್ನಲಾಗದು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿಯ ದಡದ ಸಣ್ಣ ಊರು, ವಿದ್ವಾನ್ ಆರ್.ಕೆ. ಶ್ರೀಕಂಠನ್ (1920-2014) ಅವರಂಥವರನ್ನು ಕೊಟ್ಟದ್ದು ಅದು. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ, ಸಂಗೀತೋತ್ಸವವೂ ನಡೆಯುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಊರೇ ಮನೆಯಾದ ಜಿಲ್ಲೆಯಲ್ಲಿ, ಸ್ವಂತ ಹಾಡು ಕಟ್ಟುವ ನಮ್ಮ ಮಕ್ಕಳಿಗೆ ಒಂದು ಸಂಜೆಯ ಜಾಗವಿಲ್ಲ.

ಈಗ ಹುಡುಗರು ಮತ್ತೆ ಕಾಗದ ಬರೆದಿದ್ದಾರೆ. ಬರುವ ಕಾರ್ತಿಕದಲ್ಲಿ, ಹಾಸನಾಂಬೆಯ ಬಾಗಿಲು ಮುಚ್ಚಿ ಊರಿನ ನೂಕುನುಗ್ಗಲು ಇಳಿದ ಮೇಲಿನ ಶನಿವಾರ, ಹಾಸನದಲ್ಲಿ ಮೊದಲ ಕಾರ್ಯಕ್ರಮ. ಅನಂತರ ಚನ್ನರಾಯಪಟ್ಟಣ, ಅರಕಲಗೂಡು. ಹೊಳೆನರಸೀಪುರದ ಮುಂದೆ ಮಾತ್ರ ಸ್ಥಳದ ಹೆಸರಿಲ್ಲ, ಬರಿಯ ಚುಕ್ಕೆಗಳು.

ನಾವೀಗ ಕಾರ್ಯದರ್ಶಿಯಲ್ಲ, ಸಾಮಾನ್ಯ ಸದಸ್ಯರು. ಆದರೂ ಅರ್ಜಿಯನ್ನು ನಮ್ಮ ಕೈಯಾರೆ ಬರೆದೆವು. ಸಂಜೆ ಆರಕ್ಕೆ ಆರಂಭ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ಕಾನೂನಿರುವುದರಿಂದ ಒಂಬತ್ತಕ್ಕೇ ಮುಕ್ತಾಯ, ಬಾಡಿಗೆ ಮುಂಗಡ, ಹೆಂಗಸರು ಮಕ್ಕಳಿಗೆ ಮುಂದಿನ ಸಾಲು. ಕೆಳಗೆ, ಹಿಂದಿನ ನಿರ್ಣಯ ಬರೆದವರು ನಾವೇ, ಆಗ ಹಾಡನ್ನು ಕೇಳದೆ ಬರೆದೆವು ಎಂದೂ ಸೇರಿಸಿದೆವು. ಆ ಸಾಲನ್ನು ಬರೆಯಲು ಎರಡು ದಿನ ಹಿಡಿಯಿತು. ತಮ್ಮನಿಗೆ ತೋರಿಸಿದಾಗ ಓದಿ, ಏನೂ ಮಾತಾಡದೆ, ಜೇಬಿನಿಂದ ಪೆನ್ನು ತೆಗೆದು ನಮ್ಮ ರುಜುವಿನ ಪಕ್ಕದಲ್ಲಿ ತನ್ನದನ್ನೂ ಹಾಕಿದ.

ಸಮಿತಿಯ ಅಧ್ಯಕ್ಷರು ಅರ್ಜಿಯನ್ನು ಎರಡು ಬಾರಿ ಓದಿ, ಮಡಿಚಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಸಭೆ ಅಮಾವಾಸ್ಯೆ ಕಳೆದ ಸೋಮವಾರ.