ನೀರಿದ್ದಷ್ಟು ಮೀನು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ವರ್ಷಕ್ಕೊಮ್ಮೆಯಾದರೂ ಕರಿಹಲಗೆಯ ಮೇಲೆ ಬರೆದು, ವಿಸ್ತರಿಸಿ ಬರೆಯಿರಿ ಎಂದು ಒಂಬತ್ತನೆಯ ತರಗತಿಗೆ ಹೇಳುವುದುಂಟು. ಹುಡುಗರು ಸಾಲ, ಮದುವೆ, ದುಂದುವೆಚ್ಚ ಎಂದು ಒಂದು ಪುಟ ತುಂಬಿಸಿ ಕೊಡುತ್ತಾರೆ. ಈ ಗಾದೆ ಮೀನಿನ ತೊಟ್ಟಿಗೂ ಅಕ್ಷರಶಃ ಸಲ್ಲುತ್ತದೆ ಎಂದು ಇದುವರೆಗೆ ಯಾರೂ ಬರೆದಿಲ್ಲ. ಆದ್ದರಿಂದ ಈ ಸಲದ ಸಂಚಿಕೆಗೆ ನಾವೇ ಬರೆಯುತ್ತಿದ್ದೇವೆ.

ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಹೊಸ ಮನೆ ಕಟ್ಟಿಸಿದವರ ಪಡಸಾಲೆಯಲ್ಲಿ ಟಿ.ವಿ.ಯ ಮಗ್ಗುಲಿಗೆ ಒಂದು ಗಾಜಿನ ಪೆಟ್ಟಿಗೆ ಕಾಣಿಸುವುದು ಈಗ ರೂಢಿಯಾಗುತ್ತಿದೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾದ ಮೇಲೆಯೇ ಹಾಯುವುದರಿಂದ, ಎರಡೂ ಕಡೆಯ ಪೇಟೆಗಳ ಮೀನುಗಳು ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು ಬಸ್ಸಿನಲ್ಲಿ ಪ್ರವಾಸ ಮಾಡಿ ನಮ್ಮಲ್ಲಿಗೆ ಬರುತ್ತವೆ. ನಮ್ಮ ಮನೆಯಲ್ಲಿಯೂ ಎರಡು ಅಡಿ ಉದ್ದದ ತೊಟ್ಟಿಯೊಂದುಂಟು. ಅದರಲ್ಲಿ ಏಳು ಗಪ್ಪಿ ಮೀನುಗಳಿವೆ. ಮನೆಗೆ ಬಂದವರು ಚಹಾ ಕುಡಿಯುವ ಮೊದಲು ಅವುಗಳನ್ನು ಎಣಿಸಿ, ನಮ್ಮ ಕಡೆ ನೋಡಿ ಮರುಕಪಡುತ್ತಾರೆ. “ಏನ್ರೀ ಸರ್, ಇಷ್ಟು ದೊಡ್ಡ ಪೆಟಿಗಿ, ಬರೇ ಏಳು ಮೀನಾ? ಇನ್ನೊಂದು ಹತ್ತು ತಂದು ಬಿಡ್ರಿ, ತುಂಬಿದಂಗ ಕಾಣ್ತದ” ಎನ್ನುತ್ತಾರೆ. ಶಿಕ್ಷಕನ ಸಂಬಳ ಇಷ್ಟಕ್ಕೇ ಸಾಲುತ್ತದೆಂದು ಕೆಲವರು ತಾವೇ ತೀರ್ಮಾನ ಮಾಡಿಕೊಳ್ಳುವುದೂ ಉಂಟು.

ನಮ್ಮ ಲೆಕ್ಕ ಹೀಗಿದೆ. ತೊಟ್ಟಿಯ ಉದ್ದ 60 ಸೆಂಟಿಮೀಟರು, ಅಗಲ 30, ಎತ್ತರ 30. ಗುಣಿಸಿದರೆ 54,000 ಘನ ಸೆಂಟಿಮೀಟರು, ಅಂದರೆ 54 ಲೀಟರು. ತಳದ ಹರಳು, ಕಲ್ಲು, ಮೇಲೆ ಬಿಟ್ಟ ಮೂರು ಬೆರಳು ಜಾಗ ಇವನ್ನು ಕಳೆದರೆ ನಿಜವಾಗಿ ನಿಲ್ಲುವ ನೀರು ಸುಮಾರು 42 ಲೀಟರು. ಸಣ್ಣ, ತೆಳು ಮೈಯ ಮೀನುಗಳಿಗೆ ಒಂದು ಸ್ಥೂಲ ನಿಯಮವುಂಟು: ಪೂರ್ಣ ಬೆಳೆದ ಮೀನಿನ ಪ್ರತಿ ಒಂದು ಸೆಂಟಿಮೀಟರು ಉದ್ದಕ್ಕೆ ಎರಡು ಲೀಟರು ನೀರು ಬೇಕು. ಹಾಗಾದರೆ ನಮ್ಮ ತೊಟ್ಟಿಗೆ ಒಟ್ಟು 21 ಸೆಂಟಿಮೀಟರು ಮೀನು. ಗಂಡು ಗಪ್ಪಿ ಮೂರು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಏಳು ಮೂರಲೆ ಇಪ್ಪತ್ತೊಂದು. ಮಗ್ಗಿ ಬಂದವರಿಗೆ ಇಷ್ಟು ಸಾಕು.

ಎರಡು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಬಳಿ ಬಂದು ಮೌನವಾಗಿ ನಿಂತ. ಹುಟ್ಟುಹಬ್ಬಕ್ಕೆಂದು ಅವನ ಮಾಮಾ ದುಂಡನೆಯ ಗಾಜಿನ ಬುಂಡೆಯಲ್ಲಿ ಹನ್ನೆರಡು ಮೀನು ತಂದುಕೊಟ್ಟಿದ್ದರಂತೆ. ಐದನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. “ದಿನಾ ಮೂರು ಹೊತ್ತು ಕಾಳು ಹಾಕೀನ್ರಿ ಸರ್. ನೀರು ಕನ್ನಡಿಹಂಗ ತಿಳಿ ಇತ್ತು. ಹೆಂಗ ಸತ್ತವ್ರಿ?” ಎಂದು ಕೇಳಿದ. ಮನೆಯಲ್ಲಿ ಯಾರೋ ‘ನಿನ್ನ ಕೈಗುಣ ಸರಿಯಿಲ್ಲ’ ಎಂದು ನಕ್ಕಿದ್ದರು. ಮೀನು ಸತ್ತ ದುಃಖಕ್ಕಿಂತ ಆ ಮಾತು ಹುಡುಗನ ಮನಸ್ಸಿಗೆ ಹೆಚ್ಚು ನಾಟಿತ್ತು.

ಕೈಗುಣವಲ್ಲ, ಇದು ನೀರಿನ ಗುಣ ಎಂದು ನಾವು ಅವನಿಗೆ ಹೇಳಿದೆವು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಎಂಬ ವಿಷವಸ್ತುವನ್ನು ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ವಿಷವಾಗಿರಬಹುದು. ಹೊಳೆಯಲ್ಲಿ, ಕೆರೆಯಲ್ಲಿ ನೀರು ಅಪಾರವಾದ್ದರಿಂದ ಅದು ಚದುರಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ಮಾರಕ. ಮೂರನೆಯದು ಸ್ವಲ್ಪ ಪ್ರಮಾಣದಲ್ಲಿದ್ದರೆ ಸಹಿಸಬಹುದು. ಆದರೆ ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯ ಹರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ಬುಂಡೆಯೊಳಗೆ ಒಂದೇ ದಿನ ಹನ್ನೆರಡು ಮೀನು ಬಿಟ್ಟರೆ, ಅಡಿಗೆಯವರು ಬರುವ ಮೊದಲೇ ಇಡೀ ದಿಬ್ಬಣ ಬಂದು ಕುಳಿತ ಹಾಗೆ. ಮೊದಲು ಎರಡು ಮೀನು ಬಿಟ್ಟು, ಕೆಲವು ವಾರ ಕಳೆದ ಮೇಲೆ ಇನ್ನೆರಡು ಬಿಡುವುದು ಜಾಣತನ.

ದುಂಡು ಬುಂಡೆಯ ದೋಷ ಮತ್ತೊಂದು. ಮೀನು ಉಸಿರಾಡುವ ಆಮ್ಲಜನಕ ನೀರಿನ ಮೇಲ್ಮೈಯಿಂದ ಒಳಗಿಳಿಯುತ್ತದೆ. ಬುಂಡೆಯ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಬಾಯಿತನಕ ತುಂಬಿದರೆ ಗಾಳಿಗೆ ತಾಗುವ ನೀರು ಅಂಗೈಯಗಲ. ಆ ಹುಡುಗ ಈಗ ಒಂದೂವರೆ ಅಡಿಯ ಚೌಕ ತೊಟ್ಟಿ ಇಟ್ಟುಕೊಂಡಿದ್ದಾನೆ. ಅದರಲ್ಲಿ ನಾಲ್ಕೇ ಮೀನು. ಮನೆಯಲ್ಲಿ ಕೈಗುಣದ ಮಾತು ನಿಂತಿದೆ.

ಎಷ್ಟು ಮೀನು ಎಂಬುದು ಒಂದು ಪ್ರಶ್ನೆಯಾದರೆ, ಯಾವ ಮೀನಿನೊಡನೆ ಯಾವ ಮೀನು ಎಂಬುದು ಇನ್ನೊಂದು. ಅಂಗಡಿಯಲ್ಲಿ ಬಣ್ಣ ನೋಡಿ ‘ಇದೊಂದು, ಅದೊಂದು’ ಎಂದು ಬೆರಳು ತೋರಿಸುವವರೇ ಹೆಚ್ಚು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಮ್ಮ ಹಿಂದಿನವರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಅರಸನಿಲ್ಲದ ನಾಡಿನ ಸ್ಥಿತಿಯನ್ನು ಕೌಟಿಲ್ಯನ ಅರ್ಥಶಾಸ್ತ್ರವು ಈ ಮಾತಿನಿಂದಲೇ ವರ್ಣಿಸುತ್ತದೆ. ನಿಧಾನವಾಗಿ ತೇಲುವ ದೇವತೆಯಂಥ ಏಂಜೆಲ್ ಮೀನು ಬೆಳೆದು ದೊಡ್ಡದಾದಾಗ, ಅದೇ ತೊಟ್ಟಿಯ ನಿಯಾನ್ ಟೆಟ್ರಾಗಳನ್ನು ಒಂದೊಂದಾಗಿ ನುಂಗಬಲ್ಲದು. ಟೈಗರ್ ಬಾರ್ಬ್ ನುಂಗುವುದಿಲ್ಲ. ಆದರೆ ಉದ್ದ ರೆಕ್ಕೆಯ ಏಂಜೆಲ್, ಗಪ್ಪಿಗಳ ಬೆನ್ನು ಹತ್ತಿ ರೆಕ್ಕೆ ಬಾಲಗಳನ್ನು ಕಚ್ಚಿ ಹರಿಯುತ್ತದೆ. ಕಾಳಗದ ಮೀನೆಂದು ಪ್ರಸಿದ್ಧವಾದ ಬೆಟ್ಟಾದ ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಒಂದು ಸಾಯುವತನಕವೂ ಕಾದಾಡಬಹುದು.

ಜಗಳವೇ ಆಗದೆ ಹೊಂದದ ಮೀನುಗಳೂ ಇವೆ. ಗೋಲ್ಡ್ ಫಿಶ್ ಚೀನ ದೇಶದ್ದು, ತಂಪು ನೀರು ಬೇಡುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ನದಿಯ ಸೀಮೆಯದು, ಮೆದು ನೀರಿನಲ್ಲಿ ಬಾಳುವಂಥದು. ಗಪ್ಪಿ, ಮೊಲಿಗಳು ಗಡಸು ನೀರನ್ನು ಒಲಿಯುತ್ತವೆ. ನಮ್ಮ ಕಡೆಯ ಬೋರಿನ ನೀರು ಎಂಥದೆಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ಆ ಪದರವನ್ನು ನೋಡಿಯೇ ನಾವು ಗಪ್ಪಿಗಳನ್ನು ಆರಿಸಿದೆವು. ಬೇಡುವ ಮೀನಿಗಾಗಿ ನೀರನ್ನು ಬದಲಿಸುವುದಕ್ಕಿಂತ, ಇರುವ ನೀರಿಗೆ ಒಗ್ಗುವ ಮೀನನ್ನು ತರುವುದು ಸುಲಭ, ಅಗ್ಗ.

ಇನ್ನು ಬೆಳವಣಿಗೆಯ ಮಾತು. ಮತ್ಸ್ಯಾವತಾರದ ಕಥೆ ಮಕ್ಕಳಿಗೆಲ್ಲ ಗೊತ್ತು. ಮನುವಿನ ಬೊಗಸೆಗೆ ಬಂದ ಮರಿಮೀನು ಪಾತ್ರೆಗೆ ಸಾಲದೆ, ಹೊಂಡಕ್ಕೂ ಸಾಲದೆ, ಕೊನೆಗೆ ಕಡಲನ್ನೇ ಸೇರಿತು. ಮೀನು ಸಾಕುವವರು ಈ ಕಥೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಅಂಗಡಿಯಲ್ಲಿ ಬೆರಳುದ್ದ ಕಾಣುವ ಗೋಲ್ಡ್ ಫಿಶ್ ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ. ಹೊಲಸೂ ಬಹಳ ಮಾಡುತ್ತದೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನನ್ನು ‘ತೊಟ್ಟಿ ಸ್ವಚ್ಛ ಮಾಡ್ತದ’ ಎಂದು ಮಾರುತ್ತಾರೆ. ಅದು ಒಂದು ಅಡಿಗೂ ಮಿಗಿಲಾಗಿ ಬೆಳೆಯುವಂಥದು. ತೊಟ್ಟಿ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಹಾಗೆ ಉಳಿದದ್ದು ಆರೋಗ್ಯದಿಂದಲ್ಲ. ಕುಂಠಿತವಾಗಿ, ಅಲ್ಪಾಯುಷಿಯಾಗಿ ಉಳಿದದ್ದು.

ಬೆಳೆಯದ ಮೀನು ತಂದರೂ ಸಂಖ್ಯೆ ಬೆಳೆಯಬಹುದು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಮೇಲೆ, ಗಂಡಿಲ್ಲದೆಯೂ ಕೆಲವು ತಿಂಗಳು ಮರಿ ಹಾಕುತ್ತಲೇ ಇರಬಲ್ಲದು. ಜೋಡಿ ತಂದವರು ವರ್ಷದೊಳಗೆ ಮರಿ ಹಂಚುತ್ತ ಮನೆಮನೆ ತಿರುಗುವುದನ್ನು ನಾವು ಕಂಡಿದ್ದೇವೆ. ನಮ್ಮ ಏಳೂ ಗಂಡುಗಳೇ ಆಗಿರುವುದಕ್ಕೆ ಇದೇ ಕಾರಣ.

ಹೆಚ್ಚಾದ ಮೀನನ್ನು ಬಾವಿಗೋ ಕೆರೆಗೋ ಬಿಟ್ಟರೆ ಪುಣ್ಯ ಬರುತ್ತದೆಂದು ತಿಳಿದವರುಂಟು. ಇದು ಪುಣ್ಯವಲ್ಲ. ನಾವು ಚಿಲಾಪಿ ಎಂದೂ, ಕರ್ನಾಟಕದ ಕಡೆಯವರು ಜಿಲೇಬಿ ಮೀನೆಂದೂ ಕರೆಯುವ ತಿಲಾಪಿಯಾ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಇಂದು ಅದು ಎಷ್ಟೋ ಕೆರೆಗಳಲ್ಲಿ ನಾಡಮೀನುಗಳನ್ನು ಹಿಂದೊತ್ತಿ ತುಂಬಿಕೊಂಡಿದೆ. ಸಕ್ಕರ್ ಮೀನೂ ಅದೇ ದಾರಿ ಹಿಡಿದಿದೆ. ತೇರಣಾ, ಮಾಂಜರಾ ನದಿಗಳಿಗೆ ಅಂಥ ಅತಿಥಿಗಳು ಬೇಡ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯಿರುವವರಿಗೆ ಕೊಡಬೇಕು.

ತೊಟ್ಟಿಯ ನಿಜವಾದ ಪರೀಕ್ಷೆ ನಮ್ಮ ಬೇಸಿಗೆಯಲ್ಲಿ. ನೀರು ಬಿಸಿಯಾದಂತೆಲ್ಲ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7 ಮಿಲಿಗ್ರಾಂ. ಅದೇ ಹೊತ್ತಿನಲ್ಲಿ ಮೀನಿನ ಉಸಿರು ಮಾತ್ರ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಗಾಳಿ ಊದುವ ಪಂಪು ನಿಂತಿತೆನ್ನಿ. ಮೂವತ್ತು ಮೀನು ತುಂಬಿದ ತೊಟ್ಟಿಯಲ್ಲಿ ಅವು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತವೆ. ಸಂಜೆ ಕರೆಂಟು ಬರುವಷ್ಟರಲ್ಲಿ ಕೆಲವು ಮಗುಚಿಕೊಂಡಿರುತ್ತವೆ. ಏಳು ಮೀನಿನ ತೊಟ್ಟಿಯಲ್ಲಿ ಪಂಪು ನಿಂತದ್ದು ಮೀನಿಗಿಂತ ಮೊದಲು ಮನೆಯವರಿಗೆ ಗೊತ್ತಾಗುತ್ತದೆ. ಖಾಲಿ ಕಾಣುವ ಜಾಗವೇ ಆ ಹೊತ್ತಿಗೆ ಗಂಟು.

ಇಷ್ಟಲ್ಲದೆ ನಮ್ಮ ಸೀಮೆಯವರಿಗೆ ಇನ್ನೂ ಒಂದು ಪ್ರಶ್ನೆಯಿದೆ. 2016ರ ಏಪ್ರಿಲ್ ತಿಂಗಳಲ್ಲಿ ಲಾತೂರು ಪಟ್ಟಣಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ಗಾಡಿ ಹತ್ತು ವ್ಯಾಗನುಗಳಲ್ಲಿ ಸುಮಾರು ಐದು ಲಕ್ಷ ಲೀಟರು ನೀರು ತಂದಿತು. ಕೊಡಕ್ಕಾಗಿ ಸಾಲು ನಿಂತ ನಾಡಿನಲ್ಲಿ ಚಂದಕ್ಕಾಗಿ ಮೀನು ಸಾಕುವುದು ನ್ಯಾಯವೇ ಎಂದು ನಮ್ಮ ತಾಯಿಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾವು ಕೊಟ್ಟ ಉತ್ತರವೂ ಲೆಕ್ಕದ್ದೇ. ಮೀನು ಹಿತಮಿತವಾಗಿದ್ದರೆ ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರು ಬದಲಿಸಿದರೆ ಸಾಕು, ಸುಮಾರು ಒಂದು ಕೊಡ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದು ಗಿಡಕ್ಕೆ ಒಳ್ಳೆಯ ಗೊಬ್ಬರ. ನಮ್ಮ ಅಂಗಳದ ತುಳಸಿ, ಕರಿಬೇವು ಅದನ್ನೇ ಕುಡಿದು ಬೆಳೆದಿವೆ. ಮೀನು ನಾಲ್ಕು ಪಟ್ಟಾದರೆ ಹೊಲಸೂ ನಾಲ್ಕು ಪಟ್ಟಾಗಿ, ಎರಡು ದಿನಕ್ಕೊಮ್ಮೆ ಕೊಡ ಹೊರಬೇಕಾಗುತ್ತದೆ. ಗಿಡಕ್ಕೆ ಹೇಗೂ ಹಾಕುವ ನೀರು ಮೊದಲು ಮೀನಿನ ಮನೆಗೆ ಹೋಗಿ ಬರುವುದಾದರೆ ಇರಲಿ ಎಂದು ತಾಯಿಯವರು ಒಪ್ಪಿದರು. ಅದಕ್ಕಿಂತ ಒಂದು ಕೊಡ ಹೆಚ್ಚಾದರೆ ತೊಟ್ಟಿ ತೆಗೆಯುವುದೆಂದು ಕರಾರಾಗಿದೆ.

ಹೊಂದದ ಮೀನುಗಳ ಮಾತು ಬಂದಾಗ ತರಗತಿಯ ಜಾಣ ಹುಡುಗಿಯೊಬ್ಬಳು, “ಹಾಗಾದರೆ ಬೇರೆ ಬೇರೆ ಜನ ಒಂದೇ ಊರಾಗ ಇರಬಾರದೇನ್ರಿ ಸರ್?” ಎಂದು ಕೇಳಿದಳು. ಈ ಪಾಠವನ್ನು ಅಲ್ಲಿಗೆ ಒಯ್ಯಬಾರದು. ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ, 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ ಸೇರಿದವು. ಗಡಿ ಸರಿಯಿತು, ಜನ ಅಲ್ಲಿಯೇ ಉಳಿದರು. ನಾವು ಎರಡು ಭಾಷೆಗಳಲ್ಲಿ ಕಲಿತವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಂತೆಯಲ್ಲಿ ಉರ್ದು ಬೆರೆತ ಹಿಂದಿ ಆಡುತ್ತೇವೆ. ಟೈಗರ್ ಬಾರ್ಬಿಗೆ ಗಪ್ಪಿಯ ಭಾಷೆ ಕಲಿಯಲು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಮೀನು ತನ್ನ ಸ್ವಭಾವವನ್ನು ಬದಲಿಸಲಾರದು. ಅದಕ್ಕೇ ಅದರ ಪರವಾಗಿ ಯೋಚಿಸುವ ಹೊಣೆ ತೊಟ್ಟಿ ಕೊಂಡವನ ಮೇಲೆ ಬೀಳುತ್ತದೆ.

ಬೇಸಿಗೆಯ ರಜೆಯಲ್ಲಿ ತೊಟ್ಟಿ ಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಮೊದಲು ತೊಟ್ಟಿ ತನ್ನಿ, ತಿಂಗಳು ಕಳೆದ ಮೇಲೆ ಪೂರ್ತಿ ಮೀನು. ಕೊಳ್ಳುವ ಮೊದಲು ಅದು ಎಷ್ಟುದ್ದ ಬೆಳೆಯುತ್ತದೆ, ಯಾರೊಡನೆ ಬಾಳುತ್ತದೆ ಎಂದು ಕೇಳಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು ಹಾಕಿ. ನಳದ ನೀರನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಬಳಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ, ಇಲ್ಲವಾದರೆ ನಮ್ಮ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಎಷ್ಟು ಮೀನು ಎಂದು ನಮ್ಮನ್ನು ಕೇಳಲು ಬರುವವರು ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರಲಿ. ಗುಣಾಕಾರವನ್ನು ಅವರೇ ಮಾಡಬೇಕು.