ಡಾಕ್ಟ್ರು ಬರೋವರೆಗೂ

ರಾತ್ರಿ ಹತ್ತೂವರೆಗೆ ಊರಿಂದ ಅಮ್ಮನ ಫೋನ್ ಬಂತು. ನಾನು ಹಿಂಜವಡಿಯ ಆಫೀಸಿನಲ್ಲಿದ್ದೆ. ಅವತ್ತು ನಮ್ಮ ಪ್ರಾಜೆಕ್ಟಿನ ರಿಲೀಸ್. "ಹಸು ಏಳ್ತಾನೇ ಇಲ್ಲ ಕಣೋ" ಅಂದಳು.

ಅಪ್ಪ ಹೋದ ಮೇಲೆ ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮನಿಗೆ ಜೊತೆಯೆಂದರೆ ಆ ಒಂದು ಸೀಮೆಹಸು. ಹಿಂದಿನ ದಿನವಷ್ಟೇ ನಾಲ್ಕನೇ ಕರು ಹಾಕಿತ್ತು. ಅಕ್ಕಪಕ್ಕದವರಿಗೆಲ್ಲ ಗಿಣ್ಣು ಹಂಚಿದ್ದನ್ನು ಬೆಳಿಗ್ಗೆ ಖುಷಿಯಿಂದ ಹೇಳಿದ್ದಳು. ಈಗ ಅದು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಟ್ಟಿದೆ, ಕಿವಿ ತಣ್ಣಗಾಗಿದೆ.

ಪಶು ಆಸ್ಪತ್ರೆಯ ಪರೀಕ್ಷಕರು ಆಗಲೇ ಬಂದಿದ್ದರು. ಊರವರ ಬಾಯಲ್ಲಿ ಅವರೂ ದನದ ಡಾಕ್ಟ್ರೇ. ಅಮ್ಮ ಫೋನನ್ನು ಅವರ ಕೈಗೆ ಕೊಟ್ಟಳು.

"ಹಾಲು ಜ್ವರ ಇದ್ದಂಗಿದೆ ಸಾರ್. ಕ್ಯಾಲ್ಸಿಯಂ ಹಾಕಬೇಕು. ಡಾಕ್ಟ್ರು ಹೊರಟಿದಾರೆ, ಒಂದೂವರೆ ಗಂಟೆ ಆಗುತ್ತೆ."

"ಬಾಟ್ಲಿ ನಿಮ್ಮ ಹತ್ರ ಇದೆಯಾ?"

"ಇದೆ ಸಾರ್."

"ಮತ್ತೆ ಹಾಕ್ರೀ!"

"ನರಕ್ಕೆ ಹಾಕೋದು ಸಾರ್. ನಾನು ಬರೋವರೆಗೂ ಮುಟ್ಟಬೇಡ ಅಂದಿದಾರೆ."

ನಾನು ಕೂಗಾಡಿದೆ. ಹಸು ಸತ್ತರೆ ನೀವೇ ಹೊಣೆ ಅಂದೆ. ಅವರು "ಆಗಲಿ ಸಾರ್" ಅಂದು ಫೋನನ್ನು ಅಮ್ಮನಿಗೆ ಕೊಟ್ಟರು. ಅದಕ್ಕೆ ಹತ್ತು ನಿಮಿಷ ಮೊದಲು, ನನ್ನ ಟೀಮಿನ ಹುಡುಗನಿಗೆ ನಾನೇ ಹೇಳಿದ್ದೆ: "ನಾನು ಹೇಳೋವರೆಗೂ ಪ್ರೊಡಕ್ಷನ್ ಡೇಟಾಬೇಸ್ ಮುಟ್ಟಬೇಡ."

ನಿದ್ದೆ ಬರದ ಆ ರಾತ್ರಿ ಕಾನೂನು ಹುಡುಕಿ ಓದಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಮಿನ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಹಾಯಕರಿಗೆ ರಾಜ್ಯ ಸರ್ಕಾರ 'ಕಿರು ಸೇವೆ'ಗಳಿಗೆ ಅನುಮತಿ ಕೊಡಬಹುದು: ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಔಷಧಿ ಹಚ್ಚಿ ಕಟ್ಟುವುದು, ಇಂಥ ಪ್ರಥಮ ಚಿಕಿತ್ಸೆ. ಇವಕ್ಕೆ ಇನ್ನಷ್ಟು ಸೇರಿಸುವುದಾದರೆ ಸರ್ಕಾರ ಗೆಜೆಟ್ಟಿನಲ್ಲಿ ಹೊರಡಿಸಬೇಕು. ಅದೂ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲೇ. ಆ ಮೇಲ್ವಿಚಾರಕರು ಕೊಟ್ಟಿಗೆಯಲ್ಲೇ ನಿಂತಿರಬೇಕೋ, ಫೋನಿನಲ್ಲಿದ್ದರೆ ಸಾಕೋ ಎಂಬುದನ್ನು ಆ ಕಲಮು ಬಿಡಿಸಿ ಹೇಳುವುದಿಲ್ಲ. ಬಿಟ್ಟ ಆ ಜಾಗದಲ್ಲಿ ರಾತ್ರಿ ಹತ್ತೂವರೆಗೆ ಒಬ್ಬ ಮನುಷ್ಯ ಬಾಟ್ಲಿ ಹಿಡಿದು ನಿಂತಿರುತ್ತಾನೆ, ನನ್ನಂಥವನ ಬೈಗುಳ ಕೇಳುತ್ತಾ.

ಹಾಲು ಜ್ವರದಲ್ಲಿ ಜ್ವರವೇ ಇರುವುದಿಲ್ಲ, ಮೈ ತಣ್ಣಗಾಗುತ್ತದೆ. ಕರು ಹಾಕಿದ ಹಸುವಿನ ರಕ್ತದಲ್ಲಿದ್ದ ಕ್ಯಾಲ್ಸಿಯಂ ಹಾಲಿಗೆ ಹೋಗಿಬಿಡುತ್ತದೆ, ಸ್ನಾಯುಗಳು ಸೋಲುತ್ತವೆ. ಔಷಧಿ ಅದೇ ಕ್ಯಾಲ್ಸಿಯಂ. ಆದರೆ ನರಕ್ಕೆ ಬೇಗ ಹರಿಸಿದರೆ ಹೃದಯವೇ ನಿಲ್ಲಬಹುದು. ಎದೆಬಡಿತ ಕೇಳಿಕೊಂಡೇ ನಿಧಾನವಾಗಿ ಹಾಕಬೇಕು.

ಆ ಒಂದೂವರೆ ಗಂಟೆ ಅವರು ಸುಮ್ಮನೆ ಕೂತಿರಲಿಲ್ಲ. ಪಕ್ಕಕ್ಕೆ ವಾಲಿದ್ದ ಹಸುವನ್ನು ನಾಲ್ಕು ಜನರ ಕೈಯಲ್ಲಿ ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಹುಲ್ಲಿನ ಚೀಲ ಒತ್ತರಿಸಿದ್ದರು. ಹಾಗೇ ಅಡ್ಡ ಬಿದ್ದಿದ್ದರೆ ಹೊಟ್ಟೆ ಉಬ್ಬರಿಸುತ್ತಿತ್ತು. ಮೈಗೆ ಗೋಣಿತಾಟು ಹೊದಿಸಿ, ಬಾಯಿಗೆ ಏನೂ ಹುಯ್ಯಬೇಡಿ ಅಂದಿದ್ದರು. ಡಾಕ್ಟ್ರು ಬಂದು ಬಾಟ್ಲಿ ಹಾಕಿದರು. ಬೆಳಗಿನ ಜಾವ ಹಸು ಎದ್ದು ನಿಂತಿತು.

ಡಾಕ್ಟ್ರು ಬರಲು ನಾಲ್ಕು ಗಂಟೆ ಹಿಡಿದಿದ್ದರೆ? ಆಗಲೂ ಇಷ್ಟು ಸಮಾಧಾನವಾಗಿ ಬರೆಯುತ್ತಿದ್ದೆ ಎಂದು ಹೇಳಲಾರೆ.

ಬೆಳಿಗ್ಗೆ ಅಮ್ಮ ಅಂದಳು: "ನೀನು ಎಂಟೆಕ್ ಓದೋವಾಗ ನಮ್ಮ ಗೌರಿ ಸತ್ತಿದ್ದು ಹೀಗೇ ಮಲಗಿ ಅಲ್ಲವೇನೋ? ಯಾರೋ ಬಂದು ಐದು ನಿಮಿಷದಲ್ಲಿ ಬಾಟ್ಲಿ ಇಳಿಸಿದ. ಅವನು ಯಾರನ್ನೂ ಕೇಳಿರಲಿಲ್ಲ."

ನನಗದು ಗೊತ್ತೇ ಇರಲಿಲ್ಲ. ಪರೀಕ್ಷೆ ಇದೆ ಅಂತ ಆಗ ಹೇಳಿರಲಿಲ್ಲವಂತೆ.

ಪರೀಕ್ಷಕರಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. "ಇರಲಿ ಬಿಡಿ ಸಾರ್. ಎರಡು ದಿನ ಪೂರ್ತಿ ಹಾಲು ಕರೀಬೇಡಿ ಅಂತ ಅಮ್ಮನಿಗೆ ಹೇಳಿ. ನಾನು ಹೇಳಿದ್ರೆ ಕೇಳ್ತಿಲ್ಲ."