ದನದ ದಾರಿ, ಜೀಪಿನ ದಾರಿ

ಕುದುರೆಮುಖಕ್ಕೆ ಚಾರಣ ಹೊರಟವರಲ್ಲಿ ಹೆಚ್ಚಿನವರು ಕಳಸದಲ್ಲಿ ಇಳಿಯುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸುಗಳು ಬೆಳಗಿನ ಜಾವ ತಂದು ಸುರಿಯುವ ಹುಡುಗ ಹುಡುಗಿಯರನ್ನು ಕಂಡು ಕಂಡು ಕಳಸೇಶ್ವರನಿಗೂ ಈಗ ರೂಢಿಯಾಗಿರಬೇಕು. ಎಲ್ಲರ ಬೆನ್ನಿಗೂ ಚೀಲ, ಎಲ್ಲರ ಕಾಲಿಗೂ ಹೊಸ ಬೂಟು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಲೀಚ್ ತುಂಬಾ ಇದ್ಯಾ ಅಂಕಲ್?" ಇಂಬಳಗಳ ಪರವಾಗಿ ಅಲ್ಲಿನ ಹೋಟೆಲಿನವರೊಬ್ಬರು ಕೊಡುವ ಉತ್ತರ ನನಗಿಷ್ಟ: "ಅವಕ್ಕೂ ಶನಿವಾರ ಭಾನುವಾರ ಮಾತ್ರ ಅಲ್ವಾ ಮಾರಾಯ್ರೆ ಹೊಟ್ಟೆ ತುಂಬುವುದು."

ಅಲ್ಲಿಂದ ಸಂಸೆ, ಸಂಸೆಯ ಕಡೆಯಿಂದ ಮುಳ್ಳೋಡಿಗೆ ಜೀಪು. ಆ ಜೀಪಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೊಂಟ ಇರುವವರಿಗೆಲ್ಲ ತಾನಾಗಿಯೇ ತಿಳಿಯುತ್ತದೆ. ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಇಡೀ ಹಗಲು ಬೇಕು. 1,890 ಮೀಟರಿನ ಆಸುಪಾಸಿನ ಎತ್ತರ, ಹೆಜ್ಜೆಗೊಂದು ಹಳ್ಳ, ನಡುನಡುವೆ ಶೋಲಾ ಕಾಡಿನ ತುಂಡುಗಳು, ಉಳಿದದ್ದೆಲ್ಲ ಹುಲ್ಲು.

ಈ ಹಾದಿಯನ್ನು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಮೇಯಲು ಹೋದ ದನ, ಸಂಜೆಯಾದರೂ ಬಾರದ ದನವನ್ನು ಹುಡುಕಿ ಹೋದ ಮನುಷ್ಯ, ಜೇನಿಗೋ ಸೀಗೆಗೋ ಹೋದ ಮಲೆಕುಡಿಯರು, ಇವರ ಕಾಲು ಬಿದ್ದೂ ಬಿದ್ದೂ ಆದದ್ದು. ಅದು ಹಾಗೆ ಆದದ್ದೆಂದು ನಡೆದರೇ ಗೊತ್ತಾಗುತ್ತದೆ. ಹಾದಿ ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುತ್ತದೆ. ಏರು ಬಂದಾಗ ಎದೆ ಕೊಟ್ಟು ನೇರ ಹತ್ತುವುದಿಲ್ಲ, ಗುಡ್ಡದ ಪಕ್ಕೆ ಹಿಡಿದು ಓರೆಯಾಗಿ ಸರಿಯುತ್ತದೆ. ನೆರಳಿರುವ ಕಡೆ ಅಗಲವಾಗುತ್ತದೆ, ಯಾಕೆಂದರೆ ಅಲ್ಲಿ ಎಲ್ಲರೂ, ದನವೂ ಸೇರಿ, ಸ್ವಲ್ಪ ಹೊತ್ತು ನಿಂತಿದ್ದಾರೆ. ಒಂಟಿಮರ ಎಂದು ಹೆಸರಾದ ಮರದ ಬುಡದಲ್ಲಿ ಈಗಲೂ ಎಲ್ಲರೂ ನಿಲ್ಲುತ್ತಾರೆ. ದನದ ಬದಲು ಫೋನುಗಳು ಮೇಯುತ್ತವೆ. ಇನ್ನೂ ಮೇಲೆ ಲೋಬೋ ಮನೆ ಎನ್ನುವ ಜಾಗ. ಈ ಗಾಳಿ ಮಳೆಗೆ ಒಡ್ಡಿಕೊಂಡು ಇಷ್ಟು ಮೇಲೆ ಮನೆ ಹೂಡಿದ ಲೋಬೋಗಳ ಧೈರ್ಯವನ್ನು ಮೆಚ್ಚಿಕೊಂಡೇ ಎಲ್ಲರೂ ಚಪಾತಿ ಬಿಚ್ಚುವುದು.

ಇಷ್ಟೆಲ್ಲ ನಡೆದು ತುದಿ ಮುಟ್ಟಿ ಇಳಿದವರಲ್ಲಿ ಎಷ್ಟು ಜನಕ್ಕೆ ಈ ಗುಡ್ಡಗಳ ಸಾಲಿನಲ್ಲೇ ದೇಶದ ದೊಡ್ಡ ಕಬ್ಬಿಣದ ಗಣಿಯೊಂದಿತ್ತೆಂದು ಗೊತ್ತು? ಕೇಳಿ ನೋಡಿದ್ದೇನೆ. "ಗಣಿ ಬಳ್ಳಾರಿಯಲ್ಲಲ್ವಾ?" ಎಂದವರೇ ಹೆಚ್ಚು. ತಪ್ಪು ಅವರದ್ದಲ್ಲ. ಮುಳ್ಳೋಡಿಯ ಹಾದಿ ಹಸಿರನ್ನು ಮಾತ್ರ ತೋರಿಸುತ್ತದೆ, ಮದುವೆ ಮನೆಯ ಫೋಟೋದ ಹಾಗೆ.

ನನಗೆ ಹೆಚ್ಚು ರುಚಿಸಿದ್ದು ಇನ್ನೊಂದು ಮಗ್ಗುಲಿನ ನಡಿಗೆ, ಕುರಿಂಜಾಲ್ ಗುಡ್ಡದ್ದು. ಕುದುರೆಮುಖ ಪಟ್ಟಣದ ಹತ್ತಿರ, ಭಗವತಿ ಪ್ರಕೃತಿ ಶಿಬಿರದ ಬದಿಯಿಂದ ಹೊರಡುವ ಹಾದಿ. ಎತ್ತರ ಕಡಿಮೆ, ದೂರ ಕಡಿಮೆ, ಹಾಗಾಗಿ ಗತ್ತೂ ಕಡಿಮೆ. ಇದು ಜೀಪಿಗಾಗಿ ಕಡಿದ ದಾರಿ. ದನದ ದಾರಿಯ ಸಂಕೋಚ ಇದಕ್ಕಿಲ್ಲ. ಹದವಾದ ಏರಿನಲ್ಲಿ ತಿರುವಿನ ಮೇಲೆ ತಿರುವು ಹಾಕಿಕೊಂಡು, ನೀರಿದೆಯೋ ನೆರಳಿದೆಯೋ ಎಂದು ವಿಚಾರಿಸದೆ ಮೇಲೆ ಹೋಗುತ್ತದೆ. ಮೇಲೊಂದು ಪಾಳು ಕಟ್ಟಡ. "ಕಂಪನಿ ಕಾಲದ್ದು" ಎಂದರು ನಮ್ಮ ಜೊತೆ ಬಂದ ಗೈಡ್. ಕಂಪನಿ ಎಂದರೆ ಇಲ್ಲಿ ಗಣಿ ಕಂಪನಿ. ಈ ಸೀಮೆಯಲ್ಲಿ ಇತಿಹಾಸಕ್ಕೆ ಎರಡೇ ಭಾಗ: ಕಂಪನಿ ಕಾಲ, ಆಮೇಲೆ.

ಕಂಪನಿಗೂ ಮೊದಲು, 1913ರಲ್ಲಿ, ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಈ ಗುಡ್ಡಗಳಲ್ಲಿ ಅದಿರಿರುವುದನ್ನು ಕಂಡುಹಿಡಿದಿದ್ದರು. ರಸ್ತೆಯೇ ಇಲ್ಲದ ಕಾಲ. ಹೊಟ್ಟೆಯಲ್ಲಿ ಮ್ಯಾಗ್ನಟೈಟ್ ಇರುವ ಗುಡ್ಡದ ಮೇಲೆ ದಿಕ್ಸೂಚಿಯೂ ನೆಟ್ಟಗೆ ಮಾತಾಡುವುದಿಲ್ಲ. ಆ ಮನುಷ್ಯ ಯಾವ ದಿಕ್ಕು ನಂಬಿ ನಡೆದರೋ! ಆಮೇಲೆ ಅರುವತ್ತು ವರ್ಷ ಅದಿರು ಸುಮ್ಮನೆ ಮಲಗಿತ್ತು. ಎಬ್ಬಿಸಿದವನು ಇರಾನಿನ ಷಾ. ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು 1975ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡ, ಸಾಲವನ್ನೂ ಕೊಟ್ಟ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಪಟ್ಟಣ ಎದ್ದಿತು, ಕಾರ್ಖಾನೆ ಎದ್ದಿತು. ಅದಿರನ್ನು ಅರೆದು ನೀರಲ್ಲಿ ಕಲಸಿ ಪಣಂಬೂರಿನ ಬಂದರಿಗೆ ಸಾಗಿಸಲು 67 ಕಿಲೋಮೀಟರ್ ಕೊಳವೆಯೂ ಸಿದ್ಧವಾಯಿತು. ಅಷ್ಟರಲ್ಲಿ, 1979ರಲ್ಲಿ, ಷಾ ತನ್ನ ದೇಶ ಬಿಟ್ಟು ಹೋಗಿದ್ದ. ಅದಿರು ತಯಾರು, ಗಿರಾಕಿ ಮಾತ್ರ ಇಲ್ಲ. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡಿತು. ಗುಡ್ಡಕ್ಕೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಕುರಿಂಜಾಲಿನ ದಾರಿಯಲ್ಲಿ ಮಳೆನೀರು ಕೊರೆದ ಚಕ್ರದ ಜಾಡಿನಲ್ಲಿ ಕಪ್ಪು ಮರಳು ಗೆರೆಗಟ್ಟಿರುತ್ತದೆ. ಜೊತೆಗಿದ್ದ ಸ್ನೇಹಿತನ ಫೋನಿನ ಚೀಲಕ್ಕೆ ಅಯಸ್ಕಾಂತದ ಗುಂಡಿಯಿತ್ತು. ಅದನ್ನು ಮರಳಿನ ಹತ್ತಿರ ಹಿಡಿದದ್ದೇ ತಡ, ಕಾಳುಗಳು ಒಂದರ ಬೆನ್ನಿಗೊಂದು ಎದ್ದು ನಿಂತು ಗುಂಡಿಯ ತುಂಬ ಗಡ್ಡ ಬಂತು. ಒರೆಸಿದರೆ ಹೋಗಲೊಲ್ಲದು, ಬೆರಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತದೆ, ಅಷ್ಟೆ. ಗೈಡ್ ನಕ್ಕರು. "ಇದೇ ನೋಡಿ ನಾವು ಇಪ್ಪತ್ತನಾಲ್ಕು ಗಂಟೆ ತೆಗೀತಾ ಇದ್ದದ್ದು. ಮೂರು ಶಿಫ್ಟು." ಅವರು ಪ್ಲಾಂಟಿನಲ್ಲಿ ಗುತ್ತಿಗೆ ಕೆಲಸದಲ್ಲಿದ್ದವರಂತೆ.

ಮೇಲೆ ನಿಂತರೆ ಲಕ್ಯಾ ಅಣೆಕಟ್ಟು ಕಾಣುತ್ತದೆ. ಗೊತ್ತಿಲ್ಲದವರು "ವಾವ್, ಲೇಕ್" ಎನ್ನುತ್ತಾರೆ. ಸುಮಾರು ನೂರು ಮೀಟರ್ ಎತ್ತರದ ಆ ಕಟ್ಟೆಯನ್ನು ಕಟ್ಟಿದ್ದು ನೀರಾವರಿಗೂ ಅಲ್ಲ, ಕರೆಂಟಿಗೂ ಅಲ್ಲ. ಅದಿರು ತೆಗೆದ ಮೇಲೆ ಉಳಿದ ಹೂಳನ್ನು ತುಂಬಲು. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಅರ್ಧಕ್ಕೂ ಕಡಿಮೆ. ಅಂದರೆ ಅರೆದದ್ದರಲ್ಲಿ ಹೆಚ್ಚಿನ ಪಾಲು ಇಲ್ಲೇ ಉಳಿಯಬೇಕು. ಒಂದು ಕಣಿವೆ ತುಂಬ ಉಳಿದಿದೆ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಅದರ ಮೇಲೂ ಹುಲ್ಲು ಹತ್ತುತ್ತಿದೆ. ಆದರೆ ಮೆಟ್ಟಿಲು ಮರೆಯಾಗಿಲ್ಲ. ನೋಡಲು ಚೆನ್ನಾಗಿಯೇ ಇದೆ ಎನ್ನುವುದು ಕಸಿವಿಸಿಯ ಸಂಗತಿ.

ಗಣಿ ನಡೆಯುತ್ತಿದ್ದಾಗಲೇ, 1987ರಲ್ಲಿ, ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ಕಾರಣವಾದದ್ದು ಸಿಂಗಳೀಕ. ಎಂಬತ್ತರ ದಶಕದ ಮೊದಲಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳನ್ನು ಹುಡುಕಿ ಹೋದಾಗ ಅವು ಒಳ್ಳೆಯ ಸಂಖ್ಯೆಯಲ್ಲೇ ಸಿಕ್ಕಿದ್ದವು. ಹೀಗೆ ಒಂದೇ ಕಾಡಿನಲ್ಲಿ ಸಿಂಗಳೀಕಕ್ಕೂ ಡೈನಮೈಟಿಗೂ ಸರ್ಕಾರವೇ ಪರವಾನಗಿ ಕೊಟ್ಟಂತಾಯಿತು. ಇದು ನೆಟ್ಟಗಾಗಲು ಬಹಳ ವರ್ಷ ಹಿಡಿಯಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇಲ್ಲೇ ಹತ್ತಿರ. ಮಳೆಗಾಲದಲ್ಲಿ ಗಣಿಯ ಕೆಂಪು ನೀರು ಭದ್ರೆಗೆ ಇಳಿಯುತ್ತದೆಂದು ಕೆಳಗಿನ ರೈತರೂ ದನಿ ಎತ್ತಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದು ನಿವೃತ್ತರಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಕೊನೆಯ ದಿನ ಗಣಿ ನಿಂತಿತು. ಕಂಪನಿಯ ಕಣ್ಣಿದ್ದ ಗುಡ್ಡಗಳಲ್ಲಿ ಗಂಗಡಿಕಲ್ಲೂ ಒಂದು. ಇವತ್ತು ಅದೇ ಗಂಗಡಿಕಲ್ಲು ಚಾರಣದ ಪಟ್ಟಿಯಲ್ಲಿದೆ, ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ನಿಲ್ಲಲು ತುದಿ ಉಳಿದದ್ದು ಹೇಗೆಂಬುದನ್ನು ಒಂದು ಫಲಕದ ಮೇಲಾದರೂ ಬರೆಯಬಹುದಿತ್ತು ಎನ್ನಿಸುತ್ತದೆ.

ಹಾಗೆಂದು ಗಣಿಯನ್ನು ಬೈದುಕೊಂಡೇ ನಡೆಯಲೂ ಬಾಯಿ ಬರುವುದಿಲ್ಲ. ನಾವು ಕಾರು ಹತ್ತಿಸಿಕೊಂಡು ಬಂದ ಘಾಟಿ ರಸ್ತೆಯ ಭಾಗ್ಯ ತೆರೆದದ್ದೇ ಗಣಿಯಿಂದ. ಕುದುರೆಮುಖ ಪಟ್ಟಣದಲ್ಲಿ ಬೀಗ ಹಾಕಿದ ಕ್ವಾರ್ಟರ್ಸುಗಳ ಸಾಲಿದೆ, ಗೋಡೆ ಪೂರ್ತಿ ಪಾಚಿ. ಅಲ್ಲಿ ಹುಟ್ಟಿ ಬೆಳೆದವರು ಮಂಗಳೂರು, ಬೆಂಗಳೂರು ಸೇರಿದ್ದಾರೆ. ಅವರನ್ನು ಮಾತಿಗೆಳೆದರೆ ಅದಿರಿನ ಸುದ್ದಿಯೇ ಬರುವುದಿಲ್ಲ, ನಿಲ್ಲದ ಮಳೆ, ಕ್ಲಬ್ಬಿನ ಸಿನಿಮಾ, ಶಾಲೆಯ ಬಸ್ಸು ಇವೇ ಬರುತ್ತವೆ. ಉದ್ಯಾನದೊಳಗಿನ ಹಳ್ಳಿಗಳವರದ್ದು ಬೇರೆ ಪಾಡು. ಗಣಿ ಹೋಯಿತು ಸರಿ, ನೀವೂ ಹೊರಡಿ ಎಂದು ಅವರಿಗೂ ಹೇಳಲಾಯಿತು. ಪರಿಹಾರ ಪಡೆದು ಕೆಲವರು ಹೋದರು, ಕೆಲವರು ಉಳಿದರು. ಉಳಿದವರ ಮನೆಯಲ್ಲಿ ಈಗ ಹೋಂಸ್ಟೇ. ಅವರ ದನದ ದಾರಿಗೆ ನಾವು ಆನ್‌ಲೈನಿನಲ್ಲಿ ಟಿಕೆಟ್ ತೆಗೆದು ಬರುತ್ತೇವೆ, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕದಲ್ಲಿ. ಆ ಮಿತಿಯ ಬಗ್ಗೆ ಗೊಣಗುವವರುಂಟು. ನಾನು ಗೊಣಗುವುದಿಲ್ಲ. ಒಂಟಿಮರದ ಬುಡದಲ್ಲಿ ಸರದಿಯ ಸಾಲು ನಿಂತದ್ದನ್ನು ಕಂಡ ಯಾರೂ ಗೊಣಗಲಾರರು.

ಇಳಿದು ಬಂದಾಗ ಗೇಟಿನಲ್ಲಿ ಚೀಲ ಬಿಚ್ಚಿಸಿದರು. ಹೋಗುವಾಗ ಬರೆಸಿದ್ದ ಬಾಟಲಿ, ಬಿಸ್ಕತ್ತಿನ ಪ್ಯಾಕೆಟ್ಟುಗಳ ಎಣಿಕೆ. ಒಂದು ಕಡಿಮೆ ಬಂತು. ರೈನ್‌ಕೋಟಿನ ಜೇಬಿನಲ್ಲಿ ಸಿಗುವವರೆಗೆ ಗಾರ್ಡ್ ಪೆನ್ನು ಹಿಡಿದು ಕೂತೇ ಇದ್ದರು. ಗೈಡ್ ಲಕ್ಯಾದ ದಿಕ್ಕಿಗೆ ಬೆನ್ನು ಮಾಡಿ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಿದ್ದರು.

"ಕಂಪನಿ ಇದ್ದಾಗಲೇ ಚೆನ್ನಾಗಿತ್ತಾ?" ಎಂದು ಕೇಳಿದೆ.

"ಸಂಬಳ ತಿಂಗಳು ತಿಂಗಳು ಬರ್ತಿತ್ತು ಸರ್. ಈಗ ಶನಿವಾರ ಭಾನುವಾರ ಮಾತ್ರ. ಮಳೆ ಜೋರಾಗಿ ಟ್ರೆಕಿಂಗ್ ಬಂದ್ ಮಾಡಿದ್ರೆ ಅದೂ ಇಲ್ಲ." ಎಲೆ ಮಡಚಿ ಬಾಯಿಗಿಟ್ಟು, "ಆದ್ರೆ ಆವಾಗ ಇಷ್ಟು ಸಲ ಗುಡ್ಡ ಹತ್ತಿರ್ಲಿಲ್ಲ. ಶುಗರ್ ಕಂಟ್ರೋಲಲ್ಲಿದೆ" ಎಂದರು. ಆಮೇಲೆ ಕಾರಿನ ಕಿಟಕಿಗೆ ಬಗ್ಗಿ, "ಬರುವ ಶನಿವಾರಕ್ಕೆ ಬುಕಿಂಗ್ ಎಷ್ಟಾಗಿದೆ ನೋಡಿ ಒಂದು ಫೋನ್ ಮಾಡ್ತೀರಾ? ನಮ್ಮ ಮನೆ ಹತ್ರ ನೆಟ್‌ವರ್ಕ್ ಸಿಗೂದಿಲ್ಲ."

ಎಸ್.ಕೆ. ಬಾರ್ಡರ್ ದಾಟಿ ಮಾಳದ ಕಡೆ ಇಳಿಯುವಾಗ ಫೋನಿಗೆ ಜೀವ ಬಂತು. ತೆರೆದು ನೋಡಿದೆ: ಎರಡೂ ದಿನ ಫುಲ್. ಕೂಡಲೇ ಅವರಿಗೆ ಫೋನ್ ಹಚ್ಚಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು.